ಮಾರ್ಚ್ ಹದಿನೇಳರ ಪುಟ

“ಪೆನ್ನು ಒಳಗಿಡಿ ಮೇಡಂ.”

ನಾನು ಅವಳಿಗೆ ಹೇಳಿದ ಮೊದಲ ಮಾತು ಇದು. ಪ್ರೀತಿ ಹೀಗೆ ಶುರುವಾಗಬಾರದು ಅಂತ ನನಗೂ ಗೊತ್ತು. ಏನು ಮಾಡಲಿ, ವಿಶ್ವವಿದ್ಯಾಲಯದ ಲೈಬ್ರರಿಯ ಮೂರನೇ ಮಹಡಿಯ ಹಸ್ತಪ್ರತಿ ವಿಭಾಗದಲ್ಲಿ ಹದಿನೈದು ವರ್ಷದಿಂದ ಬಂದವರಿಗೆಲ್ಲ ನಾನು ಹೇಳುತ್ತಿರುವುದು ಅದೊಂದೇ ಮಾತು. ಹಳೆಯ ಕಾಗದದ ಮೇಲೆ ಒಂದು ಹನಿ ಶಾಯಿ ಬಿದ್ದರೆ ಮುಗಿಯಿತು. ಅದಕ್ಕೇ ಅಲ್ಲಿ ಪೆನ್ಸಿಲ್ ಬಿಟ್ಟು ಬೇರೇನೂ ನಡೆಯುವುದಿಲ್ಲ.

ಅವಳು ಪೆನ್ನನ್ನು ಒಳಗಿಡಲಿಲ್ಲ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು.

“ನಿಮ್ಮ ಕನ್ನಡಕ ಎಡಗಡೆ ವಾಲಿದೆ.”

“ನಾನು ಪೆನ್ನಿನ ವಿಷಯ ಹೇಳ್ತಿದ್ದೀನಿ.”

“ಇದು ಪೆನ್ನಲ್ಲ ರೀ, ಸ್ಕ್ರೂಡ್ರೈವರ್! ಕೊಡಿ ಇಲ್ಲಿ.”

ನಾನು ಬೇಡ ಅನ್ನುವಷ್ಟರಲ್ಲಿ ಕನ್ನಡಕ ಅವಳ ಕೈಯಲ್ಲಿತ್ತು. ಎರಡು ಸುತ್ತು ತಿರುಗಿಸಿದಳು, ದುಪಟ್ಟಾದ ಅಂಚಿನಿಂದ ಗಾಜು ಒರೆಸಿದಳು, ತಾನೇ ನನ್ನ ಮೂಗಿನ ಮೇಲಿಟ್ಟಳು. ಬೆರಳ ತುದಿ ಕಿವಿಯ ಹಿಂದೆ ತಣ್ಣಗೆ ತಾಗಿತು.

“ಈಗ ಸರಿ ಕಾಣ್ತಾ?”

ಕಂಡಿತು. ಮೂವತ್ತೈದು ದಾಟಿದ ಹೆಣ್ಣು, ನಗುವಾಗ ಒಂದೇ ಕೆನ್ನೆಯಲ್ಲಿ ಗುಳಿ, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಕನ್ನಡಕದ ಅಂಗಡಿಯಲ್ಲಿ ಕೆಲಸವಂತೆ. ನಾಲ್ಕು ಜನ ಓದುಗರ ಎದುರಿಗೆ ನನ್ನ ಕಿವಿ ಕೆಂಪಗಾಗಿದ್ದನ್ನು ಅವಳು ನೋಡಿದಳು, ನೋಡದವಳ ಹಾಗೆ ಫಾರಂ ತುಂಬಲು ಕೂತಳು. ಪೆನ್ಸಿಲ್ ಕೊಟ್ಟೆ.

“ಥ್ಯಾಂಕ್ಸ್, ಪೆನ್ಸಿಲ್ ಸಾಹೇಬ್ರೇ,” ಅಂದಳು. ಅವತ್ತಿನಿಂದ ನನಗೆ ಅದೇ ಹೆಸರಾಯಿತು.

ಫಾರಂ ನೋಡಿದಾಗ ಗೊತ್ತಾಯಿತು, ಅವಳು ಸ್ಟೆನೊ ಸಾಹೇಬರ ಮಗಳು. ಅವರು ಮೂವತ್ತಾರು ವರ್ಷ ಕುಲಪತಿಗಳ ಕಚೇರಿಯಲ್ಲಿ ಕೂತು ಪ್ರತಿಯೊಂದು ಸಭೆಯ ಮಾತನ್ನೂ ಶೀಘ್ರಲಿಪಿಯಲ್ಲಿ ಇಳಿಸಿದವರು. ಸತ್ತ ಮೇಲೆ ಅವರ ಪುಸ್ತಕಗಳೆಲ್ಲ ಹದಿನಾಲ್ಕು ಪೆಟ್ಟಿಗೆಯಾಗಿ ನಮ್ಮಲ್ಲಿಗೆ ಬಂದವು. ಅದರಲ್ಲಿ ಅವರ ಕೊನೆಯ ಹನ್ನೊಂದು ವರ್ಷದ ದಿನಚರಿಗಳೂ ಇದ್ದವು, ಅವೂ ಶೀಘ್ರಲಿಪಿಯಲ್ಲೇ. ಆ ಸೊಟ್ಟ ಗೆರೆ, ಚುಕ್ಕೆಗಳನ್ನು ಓದಬಲ್ಲವನು ಇಡೀ ಕಟ್ಟಡದಲ್ಲಿ ನಾನೊಬ್ಬನೇ. ನಮ್ಮಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದಳು. ಅವಳ ಬೆಂಚಿನ ಮೇಲೇ ಕಲಿತವನು ನಾನು. ಅಮ್ಮನದು ಒಂದೇ ನಿಯಮ: “ಕೇಳಿಸದ ಕಡೆ ಜಾಗ ಬಿಡು. ಆಮೇಲೆ ಹೇಳಿದವರನ್ನೇ ಕೇಳಿ ತುಂಬು. ನಿನ್ನ ಊಹೆಯಿಂದ ತುಂಬಿದ್ಯೋ, ಕಿವಿ ಹಿಂಡ್ತೀನಿ.”

“ನಂಗೊಂದೇ ವಿಷಯ ಗೊತ್ತಾಗ್ಬೇಕು,” ಅಂದಳು ಅವಳು. “ನಾನು ಮನೆ ಬಿಟ್ಟು ಹೋದಮೇಲೆ ಅಪ್ಪ ಒಂದು ಸಲವಾದ್ರೂ ನನ್ನ ಬಗ್ಗೆ ಬರೆದಿದ್ದಾರಾ ಅಂತ.”

ಅಪ್ಪನಿಗೆ ಇಷ್ಟವಿಲ್ಲದವನೊಬ್ಬನ ಜೊತೆ ಅವಳು ಊರು ಬಿಟ್ಟಿದ್ದಳು. ಆ ಸಂಸಾರ ಎರಡು ವರ್ಷಕ್ಕೆ ಮುರಿದುಬಿತ್ತು. ಯಾವ ಮುಖ ಇಟ್ಟುಕೊಂಡು ವಾಪಸ್ ಹೋಗಲಿ ಅಂತ ಇವಳು ಹೋಗಲಿಲ್ಲ, ಅವರೂ ಕರೆಯಲಿಲ್ಲ. ಹನ್ನೊಂದನೇ ವರ್ಷದ ಡಿಸೆಂಬರ್ ಕೊನೆಗೆ ಯಾರೋ ಫೋನ್ ಮಾಡಿ ಅವರು ತೀರಿಕೊಂಡರು ಅಂದರಂತೆ. ಅವಳು ಮನೆ ಬಿಟ್ಟದ್ದು ಮಾರ್ಚ್ ಹದಿನೇಳಕ್ಕೆ.

ದಿನಚರಿಗಳ ಹೊಲಿಗೆ ಬಿಟ್ಟಿತ್ತು. ಅಂಥವನ್ನು ಓದುಗರ ಕೈಗೆ ಕೊಡುವ ಹಾಗಿಲ್ಲ. ಸ್ಪಂಜಿನ ದಿಂಬಿನ ಮೇಲೆ ನನ್ನ ಕಡೆಗೆ ತೆರೆದಿಟ್ಟುಕೊಂಡೆ. ಅವಳಿಗೆ ರಟ್ಟಿನ ಬೆನ್ನು ಮಾತ್ರ ಕಾಣುತ್ತಿತ್ತು. ಮೊದಲ ವರ್ಷದ ಮಾರ್ಚ್ ಹದಿನೇಳು ತೆಗೆದೆ.

“ಖಾಲಿ ಇದೆ,” ಅಂದೆ.

“ಹದಿನೆಂಟು?”

“‘ಇನ್ನು ಮೇಲೆ ಹಾಲು ಅರ್ಧ ಲೀಟರ್ ಸಾಕು.’”

“ಅಷ್ಟೇನಾ?”

“ಆಮೇಲೆ ನಲ್ಲಿ ಸೋರ್ತಿದೆ ಅಂತ ಬರೆದಿದ್ದಾರೆ.”

ಅವಳು ನಕ್ಕಳು. ನಗುತ್ತಲೇ ಅತ್ತಳು. “ನಲ್ಲಿ ಬಗ್ಗೆ ಬರಿಯೋಕೆ ಆಗುತ್ತೆ, ಮಗಳ ಬಗ್ಗೆ ಆಗಲ್ಲ. ನಾನು ಹೋಗಿದ್ದಕ್ಕೆ ಅವರಿಗೆ ಗೊತ್ತಾಗಿದ್ದು ಅರ್ಧ ಲೀಟರ್ ಹಾಲು ಮಿಕ್ಕಿದ್ದು!”

ನನಗೆ ಆ ಮುದುಕನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಮುಂದಿನ ಶನಿವಾರ ಅವಳು ಮತ್ತೆ ಬಂದಳು. ಎರಡನೇ ದಿನಚರಿ, ಅದೇ ತಾರೀಖು. ಅದೂ ಖಾಲಿ. ತಲೆ ಎತ್ತಿದೆ. ಅವಳು ಎರಡೂ ಕೈ ಬಿಗಿಯಾಗಿ ಹೆಣೆದುಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹುಡುಗಿಯ ಹಾಗೆ ನನ್ನ ಬಾಯನ್ನೇ ನೋಡುತ್ತಿದ್ದಳು.

ಆ ಖಾಲಿ ಹಾಳೆಯನ್ನು ನೋಡುತ್ತ ನಾನು ಓದಿದೆ: “‘ಅವಳು ಹೋಗಿ ಇವತ್ತಿಗೆ ಒಂದು ವರ್ಷ. ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುತ್ತೇನೆ.’”

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಹೊತ್ತು ಮೀರಿತ್ತು. ಅವಳು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡಿದ್ದಳು. ಕೈ ತೆಗೆದಾಗ ಅವಳ ಮುಖ ಎಷ್ಟು ಹಗುರಾಗಿತ್ತೆಂದರೆ, ಇಂಥ ಸುಳ್ಳನ್ನು ಇನ್ನೂ ಒಂಬತ್ತು ಹೇಳಬಲ್ಲೆ ಅನ್ನಿಸಿತು. ಹೇಳಿಯೂ ಹೇಳಿದೆ.

ಶನಿವಾರಕ್ಕೊಂದು ದಿನಚರಿ. ಉಳಿದ ಪುಟಗಳನ್ನು ಇದ್ದದ್ದು ಇದ್ದ ಹಾಗೆ ಓದುತ್ತಿದ್ದೆ. ಅವರು ಕೊಡೆ ಮರೆತದ್ದು, ಕೊಡೆ ಸಿಕ್ಕಿದ್ದು, ಪಕ್ಕದ ಮನೆಯ ರೇಡಿಯೊದ ಕಾಟ, ಹಲ್ಲುನೋವು. ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಓದುಗರು ತಿರುಗಿ ನೋಡಿದರೆ ನನ್ನ ಕಡೆ ಕೈ ತೋರಿಸುತ್ತಿದ್ದಳು. ಮಾರ್ಚ್ ಹದಿನೇಳು ಬಂದಾಗ ಮಾತ್ರ ನಾನು ಓದುತ್ತಿರಲಿಲ್ಲ.

ನಾಲ್ಕು ಗಂಟೆಗೆ ಹೊರಗಿನ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದೆವು. ಮೂರನೇ ವಾರ ಅವಳು ನನ್ನ ಕಪ್ಪಿನಿಂದ ಒಂದು ಗುಟುಕು ಕುಡಿದು, “ಇಷ್ಟು ಸಕ್ಕರೇನಾ? ಇರುವೆ ಮುತ್ತುತ್ತೆ ನೋಡಿ,” ಅಂದಳು. ಐದನೇ ವಾರ ನೀವು ಹೋಗಿ ನೀನು ಬಂತು. ಏಳನೇ ವಾರ ಹೊಸ ಫ್ರೇಮು ತಂದು ನನ್ನ ಮುಖಕ್ಕಿಟ್ಟು, ಅತ್ತ ತಿರುಗು, ಇತ್ತ ತಿರುಗು ಅಂತ ಸತಾಯಿಸಿದಳು.

“ಈಗ ಸರಿ ಕಾಣ್ತಾ?”

“ನೀನು ಒಬ್ಬಳೇ ಕಾಣ್ತಿದ್ದೀಯ.”

“ಹಾಗಾದ್ರೆ ನಂಬರ್ ಸರಿಯಿದೆ,” ಅಂದಳು. ಹೇಳಿದ್ದು ತಮಾಷೆಗೆ. ಆದರೆ ಕಣ್ಣು ಕೆಳಗಿಳಿಸಿದಳು, ಕೆನ್ನೆಯ ಗುಳಿ ಬಹಳ ಹೊತ್ತು ಹಾಗೇ ಇತ್ತು. ನಲವತ್ತೊಂದು ವರ್ಷದ ಗಂಡಸು ನಾನು, ಅವತ್ತು ಮನೆಗೆ ಎರಡು ಸ್ಟಾಪ್ ಮುಂಚೆಯೇ ಬಸ್ಸಿಳಿದು ಹಾಡು ಗುನುಗುತ್ತ ನಡೆದೆ. ಹುಚ್ಚಲ್ಲದೆ ಇನ್ನೇನು!

ಹನ್ನೊಂದನೆಯ ದಿನಚರಿ ಮುಗಿದ ಶನಿವಾರ ಅವಳು ಮೆಟ್ಟಿಲ ಮೇಲೆ ನನ್ನ ತೋಳಿಗೆ ಒರಗಿ ಕೂತಳು.

“ನಮ್ಮಿಬ್ಬರ ಮನೆ ಅಂತ ಒಂದಾಗುತ್ತಲ್ಲ, ಅದರ ಗೋಡೆಗೆ ಒಂದೇ ಒಂದು ಫೋಟೊ ಹಾಕ್ಬೇಕು. ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುತ್ತೇನೆ ಅಂತ ಅಪ್ಪ ಬರೆದಿದ್ದಾರಲ್ಲ, ಆ ಪುಟ. ಒಂದು ಪ್ರತಿ ತೆಗೆಸಿಕೊಡು. ನನಗೆ ಓದೋಕೆ ಬರದಿದ್ರೂ ಪರವಾಗಿಲ್ಲ. ಅವರ ಕೈ ಗೆರೆ ದಿನಾ ಕಾಣ್ಲಿ ಸಾಕು.”

ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಹಾಳೆ ಹಳೆಯದು, ಯಂತ್ರ ಕೆಟ್ಟಿದೆ, ಫಾರಂ ತುಂಬಬೇಕು ಅಂತ ಮೂರು ವಾರ ಕುಂಟುನೆಪ ಹೇಳಿದೆ. ಇನ್ನೊಂದು ದಾರಿಯೂ ಹೊಳೆದಿತ್ತು. ನಲ್ಲಿ ಸೋರುವ ಪುಟದ ಪ್ರತಿಯನ್ನೇ ಕೊಟ್ಟರೆ ಅವಳಿಗೇನು ಗೊತ್ತಾಗುತ್ತೆ? ಗೋಡೆಯ ಮೇಲೆ ಸೋರುವ ನಲ್ಲಿ, ಅದರ ಕೆಳಗೆ ಅವಳು ದಿನಾ ದೀಪದಂಥ ಮುಖ ಮಾಡಿಕೊಂಡು ನಿಲ್ಲುವುದು. ಅದನ್ನು ನೆನೆಸಿಕೊಂಡಾಗ ನನಗೇ ನನ್ನ ಮೇಲೆ ಅಸಹ್ಯ ಹುಟ್ಟಿತು.

ನಾಲ್ಕನೇ ಶನಿವಾರ ಹನ್ನೊಂದು ದಿನಚರಿಗಳನ್ನೂ ಮೇಜಿನ ಮೇಲೆ ಸಾಲಾಗಿಟ್ಟೆ. ಪ್ರತಿಯೊಂದನ್ನೂ ಮಾರ್ಚ್ ಹದಿನೇಳಕ್ಕೆ ತೆರೆದು, ಮೊದಲ ಸಲ ಅವಳ ಕಡೆಗೆ ತಿರುಗಿಸಿದೆ.

ಅವಳು ಒಂದೊಂದಾಗಿ ನೋಡುತ್ತ ಹೋದಳು. ಮೇಲೆ ಅಚ್ಚಾದ ತಾರೀಖು, ಕೆಳಗೆ ಬಿಳಿ ಹಾಳೆ. ಹನ್ನೊಂದೂ ಹಾಗೇ.

“ಇದೇನು?”

“ಅವರು ಏನೂ ಬರೆದಿಲ್ಲ. ಹೇಳಿದ್ದೆಲ್ಲ ನಾನು ಕಟ್ಟಿದ್ದು. ನೀನು ಅಳೋದು ನೋಡೋಕಾಗಲಿಲ್ಲ. ಆಮೇಲೆ... ಅದು ಪೂರ್ತಿ ಸುಳ್ಳೂ ಅಲ್ಲ. ಶನಿವಾರ ಬೆಳಿಗ್ಗೆಯಿಂದ ಈ ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದವನು ನಾನು. ಆ ಮಾತು ನಿಮ್ಮಪ್ಪನದ್ದಲ್ಲ, ನನ್ನದು. ನಾನು ನಿನ್ನನ್ನ ಪ್ರೀತಿಸ್ತೀನಿ.”

ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಮಾತು ಕೇಳಿಸಿಕೊಂಡಳೋ ಇಲ್ಲವೋ. ನಾಲ್ಕನೇ ದಿನಚರಿಯ ಹಿಂದಿನ ಹಾಳೆ ತಿರುವಿದಳು, ಮುಂದಿನದ್ದು ತಿರುವಿದಳು. ಎಲ್ಲ ಪುಟಗಳೂ ಅಂಚಿನವರೆಗೆ ತುಂಬಿದ್ದವು.

“ಬೇರೆ ಎಲ್ಲಾದ್ರೂ ಖಾಲಿ ಇದೆಯಾ?”

ಇರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಕ್ಯಾಟಲಾಗಿನಲ್ಲಿ ನಾನೇ ಬರೆದಿದ್ದೆ: ‘ದಿನಚರಿ ಹನ್ನೊಂದು, ತಲಾ ಒಂದು ಪುಟ ಖಾಲಿ.’ ಖಾಲಿ ಪುಟ ಎಣಿಸುವುದು ನಮ್ಮ ಕೆಲಸ. ಎಣಿಸಿ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೆ. ಮುದುಕ ಹಟಕ್ಕೆ ಬಿದ್ದು ಮಗಳನ್ನು ಹೊರಗಿಟ್ಟಿದ್ದಾನೆ ಅಂತ ತೀರ್ಮಾನಿಸಿದ್ದೆ.

“ಅಪ್ಪ ಸಭೆ ಮುಗಿಸಿ ಮನೆಗೆ ಬಂದು ಫೋನ್ ಹಿಡೀತಿದ್ರು,” ಅಂದಳು ಅವಳು ನಿಧಾನಕ್ಕೆ. “‘ಸರ್, ಅಲ್ಲಿ ತಾವು ಏನಂದ್ರಿ ಅಂತ ನನಗೆ ಸಿಗಲಿಲ್ಲ. ಜಾಗ ಬಿಟ್ಟಿದ್ದೀನಿ’ ಅನ್ನೋರು. ಅವತ್ತು ನಾನು ಹೊರಡುವಾಗ ‘ಯಾಕೆ ಹೋಗ್ತಿದ್ದೀಯ, ಹೇಳಿ ಹೋಗು’ ಅಂದ್ರು. ನಾನು ಉತ್ತರ ಕೊಡಲಿಲ್ಲ. ಚಪ್ಪಲಿ ಹಾಕ್ಕೊಂಡು ಹೊರಟೆ.”

ಅವಳು ಖಾಲಿ ಹಾಳೆಯ ಮೇಲೆ ಅಂಗೈ ಇಟ್ಟಳು.

“ಅವರು ಜಾಗ ಬಿಟ್ಟಿದ್ದಾರೆ,” ಅಂದಳು. “ಪ್ರತಿ ವರ್ಷ. ನಾನು ಬಂದು ಹೇಳ್ತೀನಿ ಅಂತ.”

ಅಮ್ಮ ಇದ್ದಿದ್ದರೆ ಕಿವಿಯನ್ನು ಹಿಂಡುವುದಲ್ಲ, ಕಿತ್ತೇ ಕೈಗೆ ಕೊಡುತ್ತಿದ್ದಳು. ಅವಳು ನನಗೆ ಕಲಿಸಿದ್ದೇ ಅದೊಂದು ನಿಯಮ. ಅಷ್ಟು ಕಲಿತವನಿಗೆ, ಬಿಟ್ಟ ಜಾಗ ಕಣ್ಣೆದುರಿಗಿದ್ದರೂ ಕಾಣಲಿಲ್ಲ. ಅದರ ತುಂಬ ನನ್ನ ಮಾತು ತುಂಬಿಸಿಬಿಟ್ಟೆ.

“ಕ್ಷಮಿಸು,” ಅಂದೆ.

“ನೀವು ಹೇಳಿದ್ದು ತುಂಬ ಚೆನ್ನಾಗಿತ್ತು. ಅದೇ ಕಷ್ಟ.” ನಾನು ಮತ್ತೆ ‘ನೀವು’ ಆಗಿದ್ದೆ. “ಮೂರು ತಿಂಗಳಿಂದ ಮಲಗುವಾಗ ಅಪ್ಪನ ಮಾತು ಅಂತ ಅದನ್ನೇ ನೆನೆಸ್ಕೊಂಡಿದ್ದೀನಿ. ಈಗ ಅವರ ದನಿ ಅಂತ ಕಿವಿಗೆ ಬರೋದು ನಿಮ್ಮ ದನಿ. ನಾನು ಇದರಲ್ಲಿ ಯಾರನ್ನ ಪ್ರೀತಿಸಿದೆ ಅಂತ ನನಗೇ ಗೊತ್ತಾಗ್ತಿಲ್ಲ. ನಿಮ್ಮ ಎದುರು ಕೂತ್ರೆ ಗೊತ್ತಾಗೋದೂ ಇಲ್ಲ.”

ಪೆನ್ಸಿಲನ್ನು ಮೇಜಿನ ಮೇಲಿಟ್ಟು ಹೋದಳು. ನಾನು ಹನ್ನೊಂದೂ ದಿನಚರಿಗಳನ್ನು ಮುಚ್ಚಿ, ದಾರ ಕಟ್ಟಿ, ಪೆಟ್ಟಿಗೆಗೆ ಸೇರಿಸಿದೆ. ಶನಿವಾರಗಳು ಬಂದವು, ಹೋದವು. ಬಾಗಿಲು ಸದ್ದಾಗುತ್ತಿತ್ತು. ಹಾಳು ಕುತ್ತಿಗೆ ಪ್ರತಿ ಸಲವೂ ಮೇಲೇಳುತ್ತಿತ್ತು.

ಮಾರ್ಚ್ ಹದಿನೇಳಕ್ಕೆ ಅವಳು ಬಂದಳು.

ನಾನು ಏನೂ ಕೇಳದೆ ದಿನಚರಿಗಳನ್ನು ತಂದು ಅವಳ ಕಡೆಗೆ ತೆರೆದಿಟ್ಟೆ. ಪೆನ್ಸಿಲ್ ಕೊಟ್ಟೆ. ಅವಳು ತನ್ನದೇ ಒಂದು ತೆಳ್ಳನೆಯ ನೋಟ್‌ಬುಕ್ ತಂದಿದ್ದಳು. ಮೊದಲ ಖಾಲಿ ಪುಟವನ್ನು ನೋಡಿ, ನೋಟ್‌ಬುಕ್ಕಿನಲ್ಲಿ ಒಂದು ಪುಟ ಬರೆದಳು. ಎರಡನೆಯದನ್ನು ನೋಡಿ ಇನ್ನೊಂದು. ಎರಡು ಸಲ ಪೆನ್ಸಿಲ್ ಚೂಪು ಮಾಡಿಕೊಟ್ಟೆ. ಊಟದ ಹೊತ್ತು ಕಳೆಯಿತು, ಓದುಗರು ಎದ್ದು ಹೋದರು. ಕಿಟಕಿಯ ಬಿಸಿಲು ಅವಳ ಮೊಣಕೈಯಿಂದ ಭುಜಕ್ಕೆ ಹತ್ತುವವರೆಗೂ ಅವಳು ತಲೆ ಎತ್ತಲಿಲ್ಲ.

ಹನ್ನೊಂದು ಪುಟ ಆದ ಮೇಲೆ ನೋಟ್‌ಬುಕ್ ಮುಚ್ಚಿ ನನ್ನ ಮೇಜಿಗೆ ತಂದಳು.

“ಇದನ್ನ ಅವರ ಪೆಟ್ಟಿಗೇಲಿ ಇಡೋಕಾಗುತ್ತಾ?”

“ಆಗುತ್ತೆ. ದಾನಪತ್ರ ತುಂಬಬೇಕು.”

ತುಂಬಿದಳು. ಕೊನೆಯಲ್ಲಿ ‘ಓದುವ ಬಗ್ಗೆ ಷರತ್ತುಗಳೇನಾದರೂ ಇದ್ದರೆ’ ಅಂತ ಒಂದು ಸಾಲು ಇರುತ್ತದೆ. ಜನ ಹತ್ತು ವರ್ಷ, ಇಪ್ಪತ್ತು ವರ್ಷ ಅಂತ ಬರೆಯುತ್ತಾರೆ. ಅವಳು ಸ್ವಲ್ಪ ಯೋಚಿಸಿ ಬರೆದಳು: ‘ಯಾರೂ ಯಾರಿಗೂ ಓದಿ ಹೇಳಬಾರದು.’

ನಾನು ಮುದ್ರೆ ಒತ್ತಿದೆ. ನೋಟ್‌ಬುಕ್ಕನ್ನು ತೆರೆಯದೆ ದಿನಚರಿಗಳ ಪಕ್ಕಕ್ಕಿಟ್ಟೆ. ಗಂಟು ಹಾಕಲು ಬಗ್ಗಿದಾಗ ಕನ್ನಡಕ ಮೂಗಿನಿಂದ ಜಾರಿತು.

“ಎಡಗಡೆ ಮತ್ತೆ ಸಡಿಲ ಆಗಿದೆ,” ಅಂದಳು.

“ಅಂಗಡಿಗೆ ಬರೋ ಧೈರ್ಯ ಆಗಲಿಲ್ಲ.”

ಅವಳು ಬ್ಯಾಗಿನಿಂದ ಆ ಪುಟ್ಟ ಸ್ಕ್ರೂಡ್ರೈವರ್ ತೆಗೆದಳು. ಎರಡು ಸುತ್ತು ತಿರುಗಿಸಿದಳು, ಗಾಜು ಒರೆಸಿದಳು, ಮೊದಲ ದಿನದ ಹಾಗೇ ತಾನೇ ಮೂಗಿನ ಮೇಲಿಟ್ಟಳು. ಬೆರಳು ಕಿವಿಯ ಹಿಂದೆ ಅವತ್ತಿಗಿಂತ ಒಂದು ಗಳಿಗೆ ಹೆಚ್ಚು ನಿಂತಿತು.

“ಈಗ ಸರಿ ಕಾಣ್ತಾ?”

ಅವಳ ಕಣ್ಣಲ್ಲಿ ನೀರಿತ್ತು. ಹೋಗಬೇಡ, ಮುಂದಿನ ಶನಿವಾರ ಬಾ, ಚಹಾಕ್ಕೆ ಸಕ್ಕರೆ ಹಾಕುವುದು ಬಿಟ್ಟಿದ್ದೇನೆ, ಹೀಗೆ ಹತ್ತು ಮಾತು ನಾಲಗೆಯ ತುದಿಗೆ ಬಂದವು. ಆದರೆ ಅವಳು ಹೇಳಬೇಕಾದ ಜಾಗವನ್ನು ನಾನೇ ಊಹಿಸಿ ತುಂಬಿದ್ದು ಸಾಕಾಗಿತ್ತು.

“ಕಾಣ್ತಿದೆ,” ಅಂದೆ.

ಅವಳು ತಲೆಯಾಡಿಸಿ, ಪೆನ್ಸಿಲನ್ನು ಡಬ್ಬಿಗೆ ಹಾಕಿ ಹೊರಟಳು. ಬಾಗಿಲು ಸದ್ದಾಯಿತು.