ಗಂಟಿನಷ್ಟು ನಂಬಿಕೆ

ಬಹಳ ಹಿಂದಿನ ಮಾತು. ಏಳು ಬೆಟ್ಟದ ಆಚೆ ಒಂದು ರಾಜ್ಯವಿತ್ತು. ಅಲ್ಲಿ ರಾಜನಿರಲಿಲ್ಲ. ಖಜಾನೆ ಕಾಯುವವನೂ ಇರಲಿಲ್ಲ. ಜನ ತಮ್ಮ ಹೊನ್ನನ್ನು ಕಲ್ಲಿನ ಕೊಳಗಳಲ್ಲಿ ಸುರಿದಿಡುತ್ತಿದ್ದರು. ಇವತ್ತು ಈ ಕೊಳದಲ್ಲಿ, ನಾಳೆ ಆ ಕೊಳದಲ್ಲಿ ಹೊನ್ನು ಬೆಳೆಯುತ್ತಿತ್ತು. ಮುದ್ರೆಯುಂಗುರ ತೋರಿಸಿದರೆ ಕೊಳ ತೆರೆಯುತ್ತಿತ್ತು. ಕೊಳಕ್ಕೆ ಕಿವಿಯಿಲ್ಲ. ತಪ್ಪಿ ಕೊಟ್ಟದ್ದನ್ನು ಅತ್ತರೂ ಮರಳಿಸದು. ಹೊನ್ನೆಲ್ಲ ಹೋದವರು ನಿಂತಲ್ಲೇ ಕಲ್ಲಾಗುತ್ತಿದ್ದರು.

ಕೊಳದಿಂದ ಕೊಳಕ್ಕೆ ದೂರ. ಅದಕ್ಕೆ ಜನ ಹೊನ್ನನ್ನು ಬೆಳೆಯುವ ಕೊಳಕ್ಕೆ ಸಾಗಿಸಲು ನಡೆಯುವ ಮರದ ಗೊಂಬೆಗಳನ್ನು ಕಳಿಸುತ್ತಿದ್ದರು. ಗೊಂಬೆಗೆ ದಣಿವಿಲ್ಲ, ನಿದ್ದೆಯಿಲ್ಲ, ಕಳ್ಳಬುದ್ಧಿಯೂ ಇಲ್ಲ. ಆದರೆ ಯಾರು ಏನು ಹೇಳಿದರೂ ನಂಬುತ್ತಿತ್ತು. ಜನ ಅದರ ಕೊರಳಿಗೆ ಉಂಗುರವನ್ನೇ ಕಟ್ಟಿ ಕಳಿಸಿದರು. ಕಾಡಿಗೆಗಣ್ಣನೆಂಬ ಮಾಂತ್ರಿಕ ದಾರಿಯಲ್ಲಿ ಕೂತು ಗೊಂಬೆಗಳಿಗೆ ತನ್ನ ಮಾತು ಹೇಳಿದ. ಮೂರು ಊರಿನ ಹೊನ್ನೆಲ್ಲ ಅವನ ಕರಿಕೊಳ ಸೇರಿತು, ಮೂರು ಊರೂ ಕಲ್ಲಾದವು.

ನಾಲ್ಕನೆಯ ಊರಲ್ಲಿ ಭರಮನೆಂಬ ಅರಗಿನ ಬಳೆಗಾರನಿದ್ದ. ಬಿಳಿಕೊಳ, ಕೆಂಪುಕೊಳಗಳಲ್ಲಿದ್ದ ಊರ ಹೊನ್ನಿನ ಮುದ್ರೆಯುಂಗುರ ಅವನ ಬೆರಳಲ್ಲಿತ್ತು. ಅವನೂ ಅದನ್ನು ಗೊಂಬೆಯ ಕೊರಳಿಗೆ ಕಟ್ಟಲು ಹೋದ. ಹೆಂಡತಿ ಸಂಕವ್ವ ಕೈ ಹಿಡಿದಳು.

"ನಿಮ್ಮನ್ನು ಸಂತೆಗೆ ಕಳಿಸುವಾಗ ದುಡ್ಡಿನ ಪೆಟ್ಟಿಗೆಯನ್ನೇ ಕೊಡುತ್ತೇನೆಯೇ? ಉಪ್ಪಿಗೊಂದು ಗಂಟು, ಎಣ್ಣೆಗೊಂದು ಗಂಟು ಕಟ್ಟಿ ಕೊಡುತ್ತೇನೆ."

"ಗಂಡನನ್ನೇ ನಂಬದವಳು, ಗೊಂಬೆಯನ್ನು ನಂಬುತ್ತೀಯಾ?"

"ನಂಬುತ್ತೇನೆ. ಗಂಟಿನಷ್ಟು."

ಹಳೆ ಸೀರೆಯ ಸೆರಗು ಹರಿದಳು. ದಿನಕ್ಕೊಂದು ಗಂಟು. ಗಂಟಿನೊಳಗೆ ಭರಮ ಉಂಗುರದಿಂದ ಒತ್ತಿದ ಅರಗಿನ ಮುದ್ರೆ. ಅದು ಒಂದೇ ಕೊಳ ತೆರೆಯುವುದು, ಒಂದೇ ಬೊಗಸೆ ಕೊಡುವುದು, ಸಂಜೆಗೆ ಕರಗುವುದು. ಉಂಗುರ ಮನೆಯಲ್ಲೇ ಉಳಿಯಿತು.

ಮೊದಲ ದಿನ ಮಾಂತ್ರಿಕ ದಾರಿಬದಿಯ ಗೋಡೆಯ ಮೇಲೆ ಬರೆದಿಟ್ಟ: ಒಡೆಯನ ಅಪ್ಪಣೆ, ಕೆಂಪುಕೊಳ ಬರಿದು ಮಾಡಿ ಎಲ್ಲ ತಾ. ಗೊಂಬೆ ಓದಿತು, ನಂಬಿತು, ಓಡಿತು. ಆದರೆ ಕೈಲಿದ್ದದ್ದು ಬಿಳಿಕೊಳದ ಮುದ್ರೆ. ಕೆಂಪುಕೊಳ ತೆರೆಯಲಿಲ್ಲ. ಸಂಜೆಗೆ ಅರಗು ಕರಗಿತು.

ಎರಡನೆಯ ದಿನ ಮಾಂತ್ರಿಕ ತನ್ನ ಕರಿಕೊಳಕ್ಕೆ ಕೆಮ್ಮಣ್ಣು ಬಳಿದ. ಬಿಳಿಕೊಳದಿಂದ ತಂದ ಬೊಗಸೆ ಹೊನ್ನನ್ನು ಗೊಂಬೆ ಕೆಂಪುಕೊಳವೆಂದು ಅದಕ್ಕೇ ಸುರಿಯಿತು. ಭರಮ ತಲೆ ಹಿಡಿದು ಕೂತ.

"ಹೋದದ್ದು ಬೊಗಸೆ," ಎಂದಳು ಸಂಕವ್ವ. "ಊರು ಉಳಿದಿದೆ. ಏಳಿ, ಉಣ್ಣಿ."

ಗುರುತಿಲ್ಲದ ಕೊಳ ಕಂಡರೆ ಮೊದಲು ಮನೆಗೆ ಬಂದು ಕೇಳಬೇಕೆಂದು ಗೊಂಬೆಗೆ ಕಲಿಸಿದಳು.

ಮೂರನೆಯ ದಿನ ಮಾಂತ್ರಿಕ ಗೊಂಬೆಯ ತಂಟೆಗೆ ಹೋಗಲಿಲ್ಲ. ಭರಮನ ಬಳಿಗೇ ತನ್ನ ಗೊಂಬೆಯನ್ನು ಅಟ್ಟಿದ.

"ನಿನ್ನ ಹೆಂಡತಿ ಹೊಳೆಯಲ್ಲಿ ಮುಳುಗುತ್ತಿದ್ದಾಳೆ," ಎಂದಿತು ಅದು. "ಉಂಗುರ ಕೊಡು. ನನ್ನ ಒಡೆಯ ಎತ್ತುತ್ತಾನೆ. ಬೇಗ."

ಭರಮ ದಡಬಡಿಸಿ ಎದ್ದ. ಉಂಗುರ ಬೆರಳಿಂದ ಜಾರಿಸಿದ. ಅವಳಿಗಿಂತ ಊರು ದೊಡ್ಡದೆಂದು ಅವನಿಗೆ ಅನಿಸಲಿಲ್ಲ. ಆದರೆ ಇದೂ ಯಾರೋ ಹೇಳಿಕೊಟ್ಟ ಮಾತು. ಕಣ್ಣಿಂದ ನೋಡಿದ್ದಲ್ಲ. ಉಂಗುರವನ್ನು ಮುಷ್ಟಿಯಲ್ಲಿ ಹಿಡಿದು ಹೊಳೆಗೆ ಓಡಿದ. ಗೊಂಬೆಯೂ ಹಿಂದೆ ಓಡಿತು.

ಸಂಕವ್ವ ಕಲ್ಲಿನ ಮೇಲೆ ಬಟ್ಟೆ ಹಿಂಡುತ್ತಿದ್ದಳು.

"ಯಾಕ್ರೀ ಹೀಗೆ ಓಡಿ ಬಂದಿರಿ? ಒಲೆ ಮೇಲಿನ ಸಾರು ಉಕ್ಕಿತೇ?"

ಭರಮ ಅವಳ ಒದ್ದೆ ಕೈ ಹಿಡಿದು ನಿಂತ. ಆಮೇಲೆ ಎಲ್ಲ ಹೇಳಿದ.

ಸಂಕವ್ವ ಗೊಂಬೆಯ ಕೊರಳು ನೋಡಿದಳು. ಅಲ್ಲಿ ಮಾಂತ್ರಿಕನ ಉಂಗುರವೇ ತೂಗುತ್ತಿತ್ತು. ಬೇರೆಯವರಿಗೆ ಮಾಡಿದ ಮೋಸ ತನಗೂ ಆದೀತೆಂದು ಅವನಿಗೆ ಹೊಳೆದಿರಲಿಲ್ಲ.

"ಗೊಂಬೆಯಮ್ಮಾ," ಎಂದಳು. "ಯಾರ ಹೊನ್ನು ಅವರ ಕೊಳಕ್ಕೆ ಸುರಿದು ಬಾ."

ಗೊಂಬೆ ನಂಬಿತು. ಕರಿಕೊಳ ಬರಿದಾಯಿತು. ಕಾಡಿಗೆಗಣ್ಣ ಕೊಳದ ಮುಂದೆ ಬಿದ್ದು ಅತ್ತ. ಕೊಳಕ್ಕೆ ಕಿವಿಯಿಲ್ಲ. ಅವನು ಅಲ್ಲೇ ಕಲ್ಲಾದ. ಹೊನ್ನು ಮರಳಿದ್ದೇ ತಡ, ಮೂರು ಊರಿನ ಜನ ಮೈಯ ಧೂಳು ಕೊಡವಿ ಎದ್ದರು.

ಅಂದಿನಿಂದ ಆ ರಾಜ್ಯದಲ್ಲಿ ಉಂಗುರ ಮನೆಯಲ್ಲಿ, ಗಂಟು ಗೊಂಬೆಯ ಕೈಯಲ್ಲಿ. ಎಲ್ಲರೂ ಚೆನ್ನಾಗಿ ಬಾಳಿದರು. ಭರಮ, ಸಂಕವ್ವ ತಲೆ ನೆರೆಯುವ ತನಕ ಬಾಳಿ, ಒಂದೇ ದಿನ ಕಣ್ಣು ಮುಚ್ಚಿದರು. ಒಬ್ಬರೇ ಕೂತು ಉಣ್ಣುವ ದಿನ ಇಬ್ಬರಿಗೂ ಬರಲಿಲ್ಲ.