ತೇವರಾಯನೂ ಮದುವೆಯ ಹಪ್ಪಳವೂ

ಬಹಳ ಹಿಂದೆ, ಗಿಳಿಗಳೇ ಕೋಟೆ ಕಾಯುತ್ತಿದ್ದ ಹವಳಪಟ್ಟಣವೆಂಬ ರಾಜ್ಯದಲ್ಲಿ ಬೊಮ್ಮಕ್ಕನೆಂಬ ಮುದುಕಿಯಿದ್ದಳು. ಹಪ್ಪಳ ಮಾಡುವುದರಲ್ಲಿ ಎತ್ತಿದ ಕೈ. ತಾಯಿಯಿಲ್ಲದ ರಾಜಕುಮಾರಿ ರತ್ನಮಾಲೆಯನ್ನು ಎತ್ತಿ ಆಡಿಸಿ ಬೆಳೆಸಿದವಳೂ ಅವಳೇ.

ರತ್ನಮಾಲೆ ಕಡಲಾಚೆಯ ದ್ವೀಪದ ರಾಜಕುಮಾರನಿಗೆ ಮನಸ್ಸು ಕೊಟ್ಟಿದ್ದಳು. ಆ ದ್ವೀಪದ ಸಂಪ್ರದಾಯವೋ ವಿಚಿತ್ರ. ಹೆಣ್ಣಿನ ತವರಿಂದ ಬಂದ ಹಪ್ಪಳವನ್ನು ಚಪ್ಪರದಲ್ಲೇ ಕರಿದು ಬೀಗರು ಮುರಿಯಬೇಕು. ಕುರುಂ ಎಂದು ಸದ್ದಾದರೆ ಮಾತ್ರ ತಾಳಿ. ಎರಡು ಸಲ ಹಡಗು ಹೋಯಿತು, ಎರಡು ಸಲವೂ ಹಪ್ಪಳ ಬೂಷ್ಟು ಹಿಡಿಯಿತು. ಮೂರನೆಯ ಸಲವೂ ಕೆಟ್ಟರೆ ಸಂಬಂಧವೇ ಮುರಿದಂತೆ. ಇದೆಲ್ಲ ನೀರಿನ ಯಾವ ರೂಪವನ್ನಾದರೂ ತಾಳಬಲ್ಲ ತೇವರಾಯನೆಂಬ ಮಾಂತ್ರಿಕನ ಕಿತಾಪತಿ. ರತ್ನಮಾಲೆ ತನ್ನನ್ನು ಒಲ್ಲೆ ಎಂದಳಲ್ಲ ಎಂಬ ಹೊಟ್ಟೆಕಿಚ್ಚು ಅವನಿಗೆ.

"ಅಳಬೇಡ ಮಗಾ, ಈ ಸಲ ಹಪ್ಪಳದ ಜೊತೆ ನಾನೇ ಬರ್ತೀನಿ," ಎಂದು ಬೊಮ್ಮಕ್ಕ ರತ್ನಮಾಲೆಯನ್ನು ಕರೆದುಕೊಂಡು ಹಡಗು ಹತ್ತಿದಳು.

ಮೊದಲ ದಿನ ತೇವರಾಯ ಅಲೆಯಾಗಿ ಬಂದ. ಹಲಗೆಯ ಸಂದಿಗೆಲ್ಲ ರಾಳ ಮೆತ್ತಿತ್ತು. ಹಣೆ ಚಚ್ಚಿಕೊಂಡು ಹಿಂದಿರುಗಿದ. ಎರಡನೆಯ ದಿನ ಮಳೆಯಾಗಿ ಬಂದ. ಮೇಲೆ ಮೇಣದ ಬಟ್ಟೆ ಹೊದಿಸಿತ್ತು. ಜಾರಿ ಕಡಲಿಗೆ ಬಿದ್ದ. ಮೂರನೆಯ ದಿನ ಮೋಡವಿಲ್ಲ, ಅಲೆಯಿಲ್ಲ. ಆದರೂ ಬೊಮ್ಮಕ್ಕ ಸರಕಿನ ಕೋಣೆಗೆ ಇಳಿದು ನೋಡಿದರೆ ಚಾವಣಿಯಿಂದ ತೊಟ್ ತೊಟ್ ಎಂದು ನೀರು.

"ಒಳಗೆ ಹೇಗೆ ಬಂದೆಯೋ?" ಎಂದು ಕೇಳಿದಳು.

"ನೀವೇ ಕರೆದಿರಲ್ಲ ಅಜ್ಜಿ," ಎಂದು ಚಾವಣಿಯಿಂದ ತೇವರಾಯ ನಕ್ಕ. "ಹೊರಡೋ ದಿನ ಪೂಜೆ ಅಂತ ಹನ್ನೆರಡು ಕೊಡ ಅರಿಸಿನ ನೀರು ಸುರಿದು ಕೋಣೆ ತೊಳೆದಿರಿ. ಒಣಗೋ ಮೊದಲೇ ಮುಚ್ಚಳ ಬಿಗಿದಿರಿ. ಪ್ರತಿಸಲವೂ ಹೀಗೇ ಬರ್ತೀನಿ."

ಬೊಮ್ಮಕ್ಕ ಹಡಗಿನ ಯಜಮಾನನನ್ನು ಕೂಗಿದಳು. "ಭಕ್ತಿ ಇರಲಿ ಕಣಪ್ಪಾ, ಹಡಗಿಗೇ ಅಭ್ಯಂಜನ ಯಾಕೆ? ಮುಚ್ಚಳ ತೆಗಿ, ಒಣಗಾಳಿ ಆಡಲಿ. ಅಡುಗೆಯವನ ಇದ್ದಲನ್ನೆಲ್ಲ ಇಲ್ಲಿಗೆ ತಾ."

ಇದ್ದಲಿನ ಮೂಟೆಗಳನ್ನು ಹಪ್ಪಳದ ಡಬ್ಬಗಳ ಸುತ್ತ ಇಟ್ಟಳು. ಇದ್ದಲಿಗೆ ಬಾಯಾರಿಕೆ ಜಾಸ್ತಿ. ಗುಟುಕು ಗುಟುಕಾಗಿ ತೇವರಾಯನ ಕಾಲು ಕುಡಿಯಿತು, ಸೊಂಟ ಕುಡಿಯಿತು, ಕೊನೆಗೆ ಮೀಸೆಯನ್ನೂ ಬಿಡಲಿಲ್ಲ. ಆ ಮೂಟೆಗಳನ್ನು ಬೊಮ್ಮಕ್ಕ ಬಿಸಿಲಿಗೆ ಹಾಕಿದಳು. ಸಂಜೆಯೊಳಗೆ ತೇವರಾಯ ಆವಿಯಾಗಿ ಹೋದ.

ಚಪ್ಪರದಲ್ಲಿ ಬೀಗರು ಹಪ್ಪಳ ಮುರಿದರು. ಕುರುಂ! ರುಚಿ ಹತ್ತಿ ಇನ್ನೊಂದು ಮುರಿದರು, ಮತ್ತೊಂದು ಮುರಿದರು.

"ಮಾವಾ, ತಾಳಿ ಕಟ್ಟಿಸಿ ಆಮೇಲೆ ತಿನ್ನಿ," ಎಂದಳು ರತ್ನಮಾಲೆ.

ಚಪ್ಪರವೆಲ್ಲ ನಕ್ಕಿತು. ಗಂಡಹೆಂಡಿರು ನೂರು ಕಾಲ ಸುಖವಾಗಿ ಬಾಳಿದರು, ಎರಡು ತೀರದವರೂ ಹೊಟ್ಟೆ ತುಂಬ ಉಂಡರು. ಬೊಮ್ಮಕ್ಕನಿಗೆ ಮಾತ್ರ ಆ ದಿನ ಸಂತೋಷಕ್ಕೆ ಅಳು ತಡೆಯಲಾಗಲಿಲ್ಲ. ಒಂದು ಹನಿಯೂ ಹಪ್ಪಳಕ್ಕೆ ತಾಗಬಾರದೆಂದು ದೂರ ಸರಿದು ನಿಂತು ಅತ್ತಳು.