ಅವನು ಕೇಳದೇ ಬಿಟ್ಟ ಪ್ರಶ್ನೆ

"ಈ ಪ್ರಶ್ನೆ ನಾನು ಕೇಳಲ್ಲ, ಮೇಡಂ."

ಅವಳ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು.

ಅದು ಕಿವಿ ಕೇಳದ ಮಕ್ಕಳ ಶಾಲೆ. ಎಲ್ಲರಿಗೂ ಎಲ್ಲರ ಕೈ ಕಾಣಲೆಂದು ಬೆಂಚುಗಳನ್ನು ಅರ್ಧಚಂದ್ರದಂತೆ ಹಾಕಿದ್ದರು. ಮಕ್ಕಳ ಕಣ್ಣುಗಳು ಅವಳ ಮುಖದಿಂದ ಅವನ ಮುಖಕ್ಕೆ ಓಡಾಡಿದವು. ಇದು ಜಗಳ ಎಂದು ತಿಳಿಯಲು ಅವರಿಗೆ ಕಿವಿ ಬೇಕಿರಲಿಲ್ಲ.

ಅವಳು ಸಮಾಜಶಾಸ್ತ್ರದ ಸಂಶೋಧಕಿ. ಶಿಕ್ಷಣ ಇಲಾಖೆ ಅವಳ ಗೈಡ್‌ಗೆ ವಹಿಸಿದ್ದ ಅಧ್ಯಯನಕ್ಕಾಗಿ ಪ್ರಶ್ನಾವಳಿ ಹಿಡಿದು ಬಂದಿದ್ದಳು. ಈ ಸಣ್ಣ ಮಕ್ಕಳಿಗೆ ಓದು ಇನ್ನೂ ತೊಡಕು. ಅವಳು ಓದುವ ಪ್ರಶ್ನೆಯನ್ನು ಅವನು ಸನ್ನೆಯಲ್ಲಿ ಕೇಳಬೇಕು, ಮಕ್ಕಳ ಉತ್ತರವನ್ನು ಅವನು ಬಾಯಲ್ಲಿ ಹೇಳಬೇಕು, ಅವಳು ಬರೆದುಕೊಳ್ಳಬೇಕು. ಅವನನ್ನು ಎಲ್ಲರೂ 'ಸನ್ನೆ ಮೇಷ್ಟ್ರು' ಎಂದೇ ಕರೆಯುತ್ತಿದ್ದರು.

"ಯಾಕೆ ಕೇಳಲ್ಲ? 'ಮನೆಯಲ್ಲಿ ನಿನ್ನ ಜೊತೆ ಹೆಚ್ಚು ಮಾತಾಡೋರು ಯಾರು?' ಇದರಲ್ಲಿ ತಪ್ಪೇನಿದೆ?"

"ಯಾರೂ ಇಲ್ಲ ಅಂತಾರೆ, ಅದೇ ತಪ್ಪು. ಅವರ ಮನೇಲಿ ಯಾರಿಗೂ ಸನ್ನೆ ಬರಲ್ಲ. ನೀವು ಅದನ್ನ ಬರ್ಕೊಂಡು ಬ್ಯಾಗ್ ಹಾಕ್ಕೊಂಡು ಹೋಗ್ತೀರಿ. ಸಂಜೆ ಹಾಸ್ಟೆಲ್ಲಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗೋ ಮಗೂನ ಸಮಾಧಾನ ಮಾಡೋನು ನಾನು!"

"ಕೇಳದೇ ಇದ್ರೆ ಅದು ಯಾರಿಗೂ ಗೊತ್ತೇ ಆಗಲ್ವಲ್ಲ ಮೇಷ್ಟ್ರೇ..."

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಮಕ್ಕಳ ಕಡೆ ತಿರುಗಿ, ಬಹಳ ಮೆಲ್ಲಗೆ, ಹೂವು ಮುಟ್ಟಿದಂತೆ ಆ ಪ್ರಶ್ನೆ ಕೇಳಿದ.

ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಏನೋ ಸನ್ನೆ ಮಾಡಿದಳು.

"ಏನಂದ್ಲು?"

"ನಮ್ಮನೆ ನಾಯಿ, ಅಂದ್ಲು."

ಆ ದಿನ ಅವಳು ಊಟ ಮಾಡಲಿಲ್ಲ.

ಮರುದಿನದಿಂದ ಅವಳು ಶಾಲೆ ಬಿಟ್ಟ ಮೇಲೂ ಅಲ್ಲೇ ಉಳಿಯತೊಡಗಿದಳು. ಮಕ್ಕಳು ಅವಳ ಬೆರಳು ಹಿಡಿದು ತಿರುಚಿ ಸನ್ನೆ ಕಲಿಸಿದರು, ತಪ್ಪಿದಾಗ ಬಿದ್ದು ಬಿದ್ದು ನಕ್ಕರು. ಅವನು ಕಂಬಕ್ಕೆ ಒರಗಿ ನೋಡುತ್ತಿದ್ದ. ಆಮೇಲೆ ಎರಡು ಲೋಟ ಟೀ ತಂದು ಮೆಟ್ಟಿಲ ಮೇಲೆ ಕೂರುವುದು ರೂಢಿಯಾಯಿತು.

"ನನ್ನ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಲ್ಲ. ನಾನು ಮೊದಲು ಮಾತಾಡಿದ್ದು ಕೈಯಲ್ಲಿ, ಬಾಯಿ ಬಂದಿದ್ದು ಆಮೇಲೆ," ಎಂದ ಒಂದು ಸಂಜೆ.

"ಹಾಗಾದ್ರೆ ನಿಮ್ಮನೇಲಿ ಜಗಳಾನೇ ಇಲ್ಲ ಅನ್ನಿ!"

"ಅಯ್ಯೋ, ಇಲ್ದೇ ಏನು? ಅಪ್ಪನಿಗೆ ಸೋಲ್ತೀನಿ ಅನ್ನಿಸಿದ್ರೆ ದೀಪ ಆರಿಸಿಬಿಡ್ತಾರೆ. ಕತ್ತಲಲ್ಲಿ ಅಮ್ಮ ಇನ್ನೇನು ಬೈತಾಳೆ?"

ಅವಳು ಟೀ ಚೆಲ್ಲುವಂತೆ ನಕ್ಕಳು. ನಗು ನಿಂತಾಗ ಅವನ ಕಣ್ಣು ತನ್ನ ಮುಖದ ಮೇಲೇ ಇದ್ದುದು ತಿಳಿದು ಲೋಟದ ಕಡೆ ಕಣ್ಣು ತಗ್ಗಿಸಿದಳು. *ಇದೇನಾಗ್ತಿದೆ ನನಗೆ?*

ಪ್ರಶ್ನಾವಳಿ ಮುಗಿಯುತ್ತ ಬಂತು. ಕೊನೆಯ ಪ್ರಶ್ನೆ ಹೀಗಿತ್ತು: 'ನಿನ್ನ ಮನೆಯ ಹತ್ತಿರವೇ ಶಾಲೆ ಇದ್ದರೆ, ಮನೆಯಲ್ಲೇ ಇದ್ದು ಓದುತ್ತೀಯಾ?' ತರಗತಿ ತರಗತಿಯಲ್ಲೂ ಮಕ್ಕಳು ಇಲ್ಲ ಎಂದು ತಲೆಯಾಡಿಸಿದ್ದರು. ಕೊನೆಯ ತರಗತಿಯಲ್ಲಿ ಅವಳು ಪ್ರಶ್ನೆ ಓದಿ, ಹಾಳೆಯ ಕಡೆ ಬಗ್ಗದೆ, ಸುಮ್ಮನೆ ಅವನ ಕೈ ನೋಡಿದಳು.

ಗೆಳೆಯರು... ಬಿಟ್ಟು ಹೋಗುವುದು...

ಅವಳಿಗೆ ಗೊತ್ತಿದ್ದ ಸನ್ನೆಗಳೇ! ಅದರಲ್ಲಿ ಮನೆಯೂ ಇರಲಿಲ್ಲ, ಶಾಲೆಯೂ ಇರಲಿಲ್ಲ. 'ಗೆಳೆಯರನ್ನ ಬಿಟ್ಟು ಹೋಗ್ತೀಯಾ?' ಎಂದು ಕೇಳಿದರೆ ಯಾವ ಮಗು ಹೌದು ಎನ್ನುತ್ತದೆ?

ಅವಳು ಆ ತರಗತಿಯ ಉತ್ತರ ಬರೆದುಕೊಳ್ಳಲಿಲ್ಲ.

ಮಕ್ಕಳು ಹೊರಗೆ ಹೋಗುವವರೆಗೆ ತಡೆದುಕೊಂಡಳು. "ಪ್ರಶ್ನೆ ಬದಲಾಯಿಸಿದ್ರಿ ಅಲ್ವಾ? ಎಲ್ಲ ತರಗತೀಲೂ?"

ಅವನು ಸುಳ್ಳು ಹೇಳಲಿಲ್ಲ. "ಹೌದು."

"ಯಾಕೆ?!"

"ಮಕ್ಕಳು ಮನೆ ಬೇಕು ಅಂದ್ರೆ ಈ ಶಾಲೆ ಮುಚ್ತಾರೆ. ಇಲಾಖೆ ನಿಮ್ಮ ವರದಿಗೇ ಕಾಯ್ತಾ ಇದೆ. ಆಮೇಲೆ ಇವರನ್ನ ಊರಿನ ಸಾಧಾರಣ ಶಾಲೆಗೆ ತಳ್ತಾರೆ. ನಮ್ಮಮ್ಮ ಅಂಥ ಶಾಲೇಲಿ ಕೂತಿದ್ಲು ಮೇಡಂ. ಬೋರ್ಡ್ ಕಡೆ ತಿರುಗಿದ ಮೇಷ್ಟ್ರ ಬೆನ್ನು ನೋಡೋದು ಬಿಟ್ಟು ಅಲ್ಲಿ ಏನೂ ಕಲೀಲಿಲ್ಲ. ನೀವು ಇದನ್ನ ಮುಚ್ಚೋಕೆ ಬಂದಿದ್ದೀರಿ ಅಂತ ಮೊದಲ ದಿನಾನೇ ಅಂದ್ಕೊಂಡೆ."

"ದೇವರಾಣೆ ನನಗೆ ಗೊತ್ತಿರಲಿಲ್ಲ! ಮಕ್ಕಳ ಪರಿಸ್ಥಿತಿ ತಿಳ್ಕೊಂಡು ಬಾ ಅಂತಷ್ಟೇ ಹೇಳಿದ್ರು." ಅವಳು ಹಾಳೆಗಳನ್ನು ಮೇಜಿನ ಮೇಲೆ ಹಾಕಿದಳು. "ಮುಚ್ಚೋಕೆ ಬಂದೋಳ ಜೊತೆ ದಿನಾ ಮೆಟ್ಟಿಲ ಮೇಲೆ ಯಾಕೆ ಕೂತ್ರಿ? ಅಲ್ಲಿ ಆಡಿದ ಮಾತು... ಅದೂ ನನ್ನ ಕಣ್ಣಿಗೆ ಮಣ್ಣೆರಚೋಕಾ?"

ಅವನ ತುಟಿ ಅಲುಗಿತು. ಮಾತು ಬರಲಿಲ್ಲ.

ಉತ್ತರ ಸಿಕ್ಕಿತು ಎಂದುಕೊಂಡಳು ಅವಳು. ಹಾಳೆಗಳನ್ನು ಬಾಚಿಕೊಂಡು, ಹಿಂದೆ ತಿರುಗಿ ನೋಡದೆ ಹೊರಟುಬಿಟ್ಟಳು.

ಮನೆಯಲ್ಲಿ ಅಮ್ಮ ಬಾಗಿಲಲ್ಲೇ ಕೇಳಿದಳು. "ಏನೇ ಇದು, ಮುಖ ಯಾಕೆ ಹೀಗೆ ಬಾಡಿದೆ?"

"ತಲೆನೋವಮ್ಮ..."

ಕೋಣೆಯ ಬಾಗಿಲು ಹಾಕಿಕೊಂಡು ದಿಂಬಿಗೆ ಮುಖ ಒತ್ತಿ ಅತ್ತಳು. ಫೋನ್ ಬಡಿದುಕೊಂಡಿತು. ಗೈಡ್!

"ಉತ್ತರ ಎಲ್ಲ ಒಂದೇ ತರ ಬರ್ತಿದೆ ಅಂತ ಮೊನ್ನೆ ಅಂದಿದ್ಯಲ್ಲ? ಒಳ್ಳೇದೇ ಆಯ್ತು. ಬೇಗ ಕಳಿಸಮ್ಮ, ಇಲಾಖೆಯವರು ನನ್ನ ತಲೆ ತಿಂತಿದ್ದಾರೆ."

ಕಳಿಸಿದರೆ ಮುಗಿಯಿತು. ಶಾಲೆ ಉಳಿಯುತ್ತದೆ, ಅವನ ಕೆಲಸವೂ ಉಳಿಯುತ್ತದೆ. ಯಾರಿಗೂ ಏನೂ ತಿಳಿಯುವುದಿಲ್ಲ. ನಿಜ ಹೇಳಿದರೆ ಅವನು ಬೀದಿಗೆ, ಮಕ್ಕಳು ಎಲ್ಲಿಗೋ! ಮೋಸ ಮಾಡಿದವನಿಗಾಗಿ ಯಾಕಿಷ್ಟು ಸಂಕಟ ಎಂದು ತನ್ನನ್ನೇ ಬೈದುಕೊಂಡಳು. ಬೈದಷ್ಟೂ ಅವನ ಮುಖವೇ ಕಣ್ಣಮುಂದೆ ಬಂತು. ಅತ್ತ ದರಿ, ಇತ್ತ ಪುಲಿ.

ಆದರೆ ಅಳು ಬತ್ತಿದ ಮೇಲೆ ಒಂದು ವಿಷಯ ಉಳಿಯಿತು. *ಮಕ್ಕಳನ್ನ ಯಾರೂ ಕೇಳಲೇ ಇಲ್ಲ. ಇಲಾಖೆಯೂ ಕೇಳಲಿಲ್ಲ, ಅವನೂ ಕೇಳಲಿಲ್ಲ... ನಾನೂ ಕೇಳಲಿಲ್ಲ.*

ಬೆಳಿಗ್ಗೆ ಶಾಲೆಗೆ ಹೋಗಿ ಹೆಡ್ ಮೇಡಂ ಹತ್ತಿರ ಇನ್ನೊಂದು ದಿನ ಬೇಡಿಕೊಂಡಳು. ಅವನನ್ನು ಕರೆಯಲಿಲ್ಲ. ಅರ್ಧಚಂದ್ರದ ನಡುವೆ ಒಬ್ಬಳೇ ನಿಂತು, ಆ ಕೊನೆಯ ಪ್ರಶ್ನೆಯನ್ನು ತಾನೇ ಸನ್ನೆಯಲ್ಲಿ ಕೇಳಿದಳು. ಮಕ್ಕಳು ಕಿಸಕ್ಕೆಂದು ನಕ್ಕರು, ಅವಳ ಬೆರಳು ತಿದ್ದಿದರು. ಮತ್ತೆ ಕೇಳಿದಳು.

ಆಗ ನಗು ನಿಂತಿತು.

ಒಬ್ಬೊಬ್ಬರಾಗಿ ಹೌದು ಎನ್ನತೊಡಗಿದರು. ಮನೆ ಬೇಕು, ಅಮ್ಮ ಬೇಕು. ಎರಡು ಜಡೆಯ ಹುಡುಗಿ ಮಾತ್ರ ಬಹಳ ಹೊತ್ತು ಯೋಚಿಸಿದಳು. ಮೇಡಂಗೆ ತಿಳಿಯಲೆಂದು ನಿಧಾನವಾಗಿ ಸನ್ನೆ ಮಾಡಿದಳು.

'ಮನೆ ಬೇಕು. ಆದ್ರೆ ಅಮ್ಮನ ಕೈಗೆ ಮಾತು ಬರಲ್ಲ. ನೀವು ಕಲಿಸ್ತೀರಾ?'

ಅವಳ ಕಣ್ಣು ಮಂಜಾಯಿತು. ತಲೆಯೆತ್ತಿದರೆ ಬಾಗಿಲಲ್ಲಿ ಅವನು! ಎಷ್ಟು ಹೊತ್ತಿನಿಂದ ನಿಂತಿದ್ದನೋ, ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದ. ಅವಳು ಬಾಗಿಲಿಗೆ ಬರುವಷ್ಟರಲ್ಲಿ ಹೊರಟುಹೋಗಿದ್ದ.

ವರದಿಯಲ್ಲಿ ಅವಳು ಎಲ್ಲವನ್ನೂ ಬರೆದಳು. ಮಕ್ಕಳಿಗೆ ಮನೆ ಬೇಕು, ಆದರೆ ಮನೆಗೆ ಅವರ ಭಾಷೆ ಬರುವುದಿಲ್ಲ, ಅದನ್ನು ಮನೆಯವರಿಗೆ ಕಲಿಸುವ ಮೊದಲು ಶಾಲೆ ಮುಚ್ಚಿದರೆ ಮಕ್ಕಳಿಗೆ ಮನೆ, ಶಾಲೆ ಎರಡೂ ಇಲ್ಲವಾಗುತ್ತವೆ. ಮೊದಲ ಉತ್ತರಗಳನ್ನು ಕೈಬಿಟ್ಟದ್ದೇಕೆ ಎನ್ನುವಲ್ಲಿ ಅವನ ಹೆಸರು ಹೇಳದೆ, 'ಪ್ರಶ್ನೆ ಬದಲಾಗಿ ತಲುಪಿತ್ತು. ಮಕ್ಕಳ ಭಾಷೆ ಕಲಿಯದೆ ಹೋದದ್ದು ಸಂಶೋಧಕಿಯ ತಪ್ಪು' ಎಂದಳು.

ಗೈಡ್ ಕೆಂಡವಾದರು. "ನಿನ್ನ ತಲೆ ಮೇಲೆ ನೀನೇ ಕಲ್ಲು ಹಾಕ್ಕೊಂಡೆ! ಇನ್ಮೇಲೆ ನನ್ನ ಹತ್ತಿರ ಬರಬೇಡ."

ಅದಾದ ಮೇಲೆ ಹೆಡ್ ಮೇಡಂ ಫೋನ್ ಬಂತು. "ಮೇಷ್ಟ್ರು ನನ್ನ ಹತ್ತಿರ ಎಲ್ಲ ಒಪ್ಕೊಂಡ್ರು ಕಣಮ್ಮ. ಕೆಲಸ ಬಿಟ್ಟು ಹೋದ್ರು."

ಅವನ ನಂಬರ್ ಒತ್ತಿದಳು. ಸ್ವಿಚ್ ಆಫ್. ಮತ್ತೆ ಮತ್ತೆ ಒತ್ತಿದಳು. *ಅವನು ನನ್ನನ್ನು ಪ್ರೀತಿಸಿರಲಿಲ್ಲ. ಆದರೂ ಅವನ ಕೆಲಸ ಕಳೆದವಳು ನಾನೇ...* ಶಾಲೆಯ ಪರೀಕ್ಷೆಗಳು ಬಂದು ಹೋದವು. ಅವಳು ಒಂದು ಆಫೀಸಿನಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದಳು. ಬಸ್ಸಿನಲ್ಲಿ ಯಾರಾದರೂ ಕೈಬೀಸಿ ಮಾತಾಡಿದರೂ ತಿರುಗಿ ನೋಡುತ್ತಿದ್ದಳು.

ರಜೆಯ ಹೊತ್ತಿಗೆ ಹೆಡ್ ಮೇಡಂ ಮತ್ತೆ ಕರೆದರು. ದೊಡ್ಡ ಮಕ್ಕಳನ್ನು ಬೇರೆ ಶಾಲೆಗೆ ಕಳಿಸಿಬಿಟ್ಟಿದ್ದರು, ಅದನ್ನು ತಡೆಯಲಾಗಲಿಲ್ಲ. ಆದರೆ ಸಣ್ಣವರ ತರಗತಿಗಳು ಉಳಿದಿದ್ದವು. "ಭಾನುವಾರ ಅಮ್ಮಂದಿರಿಗೆ ಸನ್ನೆ ಪಾಠ. ಒಂದು ಕೈ ಸಾಲಲ್ಲ, ಬಾರಮ್ಮ."

ಹೋದಳು. ಅದೇ ಅರ್ಧಚಂದ್ರದ ಬೆಂಚುಗಳಲ್ಲಿ ಈಗ ಅಮ್ಮಂದಿರು. ಮುಂದೆ ನಿಂತು ಕಲಿಸುತ್ತಿದ್ದವನನ್ನು ಕಂಡು ಅವಳು ಬಾಗಿಲಲ್ಲೇ ನಿಂತಳು.

ಅವನು!

ಪಾಠ ಮುಗಿದು ಎಲ್ಲರೂ ಎದ್ದರು. ಎರಡು ಜಡೆಯ ಹುಡುಗಿಯ ಅಮ್ಮ ತಪ್ಪುತಪ್ಪಾಗಿ ಏನೋ ಕೇಳುತ್ತಿದ್ದಳು, ಹುಡುಗಿ ತಾಯಿಯ ಬೆರಳನ್ನು ಮುದ್ದಿನಿಂದ ತಿದ್ದುತ್ತಿದ್ದಳು.

"ಸಂಬಳದ ಕೆಲಸ ಅಲ್ಲ ಇದು," ಎಂದ ಅವನು ಹತ್ತಿರ ಬಂದು. "ನೀವು ಸರಿ, ನಾನು ತಪ್ಪು. ಅವರ ಪರವಾಗಿ ಮಾತಾಡ್ತೀನಿ ಅಂತ ಅವರ ಬಾಯೇ ಮುಚ್ಚಿಸಿದ್ದೆ."

"ಅದನ್ನ ಯಾವತ್ತೋ ಕ್ಷಮಿಸಿದ್ದೀನಿ. ಆದ್ರೆ ಆ ದಿನ ಮೆಟ್ಟಿಲ ಮೇಲಿನ ಮಾತಿನ ಬಗ್ಗೆ ನಾನು ಕೇಳಿದ್ದಕ್ಕೆ..."

"ಆ ದಿನ ಉತ್ತರ ಹೇಳಿದೆ."

"ಸುಳ್ಳು! ಒಂದು ಮಾತೂ ಆಡಲಿಲ್ಲ ನೀವು."

"ತುಂಬಾ ದುಃಖ ಆದಾಗ ನನಗೆ ಬಾಯಿ ಬರಲ್ಲ, ಕೈಯೇ ಬರೋದು. ನಾನು ಹೇಳೋಕೆ ಶುರು ಮಾಡಿದೆ. ನೀವು ಬೆನ್ನು ತಿರುಗಿಸಿ ಹೊರಟಿದ್ರಿ."

ಇಷ್ಟು ದಿನ ಅತ್ತದ್ದು... ಒಮ್ಮೆ ತಿರುಗಿ ನೋಡದೆ ಹೋದದ್ದಕ್ಕಾ?

"ಏನಂತ ಹೇಳಿದ್ರಿ?"

ಅವನು ಹೇಳಿದ. ಬಾಯಲ್ಲೇ, ಕಷ್ಟಪಟ್ಟು, ಎಲ್ಲರ ಮುಂದೆ. "ನೀವಂದ್ರೆ ನನಗೆ ಪ್ರಾಣ ಅಂತ."

ಕಣ್ಣೀರು ತಡೆಯಲು ನೋಡಿದಳು, ಆಗಲಿಲ್ಲ. "ನನಗೂ," ಎಂದಳು, "ನನಗೂ ಹಾಗೇ... ಮೊದಲೇ ಹೇಳೋಕೆ ಏನಾಗಿತ್ತು ಧಾಡಿ?"

"ಅಮ್ಮನಿಗೆ ಹೇಳಿದ್ದೆ."

"ಅಮ್ಮನಿಗಾ! ಏನಂದ್ರು?"

"ಅವಳಿಗೆ ಸನ್ನೆ ಬರುತ್ತಾ ಅಂತ ಕೇಳಿದ್ಲು. ತಪ್ಪುತಪ್ಪಾಗಿ ಬರುತ್ತೆ ಅಂದೆ."

"ಅದಕ್ಕೆ?"

"ಹಾಗಿದ್ರೆ ಬೇಗ ಕರ್ಕೊಂಡು ಬಾ, ಆ ತಪ್ಪೇ ರೂಢಿಯಾಗೋ ಮುಂಚೆ ತಿದ್ದಬೇಕು ಅಂದ್ಲು."

ಅವಳು ಸೆರಗಿನಿಂದ ಕೆನ್ನೆ ಒರೆಸಿಕೊಂಡಳು.

"ನಿಮ್ಮನೆಗೆ ಬಸ್ಸು ಎಲ್ಲಿ ನಿಲ್ಲುತ್ತೆ?"